ದೀರ್ಘಕಾಲದ ವೈರಸು ಸೋಂಕು ಮತ್ತು ಟಿ ಜೀವಕೋಶಗಳ ಬಳಲಿಕೆ

ವೈರಸುಗಳಿಂದ ಉಂಟಾಗುವ ರೋಗಗಳನ್ನು, ಅವು ದೇಹದಲ್ಲಿ ನಿಲ್ಲುವ ಕಾಲವನ್ನು ಅನುಸರಿಸಿ, ಎರಡು ವರ್ಗಗಳಾಗಿ ವಿಂಗಡಿಸಬಹುದು. ದಡಾರ, ಇನ್‌ಫ್ಲುಯೆಂಜ ಮುಂತಾದವು ಮೊದಲನೆಯ ವರ್ಗಕ್ಕೆ ಸೇರಿದವು. ಇವು ಬೇಗನೆ ಕಾಣಿಸಿಕೊಂಡು ಕೆಲವು ವಾರಗಳಲ್ಲಿ ಮುಗಿಯುತ್ತವೆ. ಬದುಕಿ ಉಳಿದ ರೋಗಿಯ ದೇಹವು ವೈರಸನ್ನು ಹೊರದೂಡಿರುವುದಲ್ಲದೆ ಅದರ ಗುರುತನ್ನೂ ಮುಂದಿನ ಕಾಲಕ್ಕಾಗಿ ಉಳಿಸಿಕೊಂಡಿರುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೊದಲಾದವು ಎರಡನೆಯ ವರ್ಗದವು. ಇವುಗಳಲ್ಲಿ ವೈರಸು ತಿಂಗಳುಗಟ್ಟಲೆ, ವರ್ಷಗಟ್ಟಲೆ, ಅನೇಕ ವೇಳೆ ಜೀವಮಾನಪರ್ಯಂತ ದೇಹದಲ್ಲಿಯೇ ನೆಲಸಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಜಗತ್ತಿನಾದ್ಯಂತ ೨೫ ಕೋಟಿ ೪೦ ಲಕ್ಷ ಜನರು ಹೆಪಟೈಟಿಸ್ ಬಿ ವೈರಸನ್ನೂ ೫ ಕೋಟಿ ಜನರು ಹೆಪಟೈಟಿಸ್ ಸಿ ವೈರಸನ್ನೂ ಹೊತ್ತಿದ್ದರು. ಇವರ ಪೈಕಿ ಭಾರತದಲ್ಲಿದ್ದವರು ಕ್ರಮವಾಗಿ ಸುಮಾರು ೨ ಕೋಟಿ ೯೮ ಲಕ್ಷ ಮತ್ತು ೫೫ ಲಕ್ಷ ಮಂದಿ.

ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಒಂದು ವೈರಸನ್ನು ಹತ್ತು ದಿನಗಳಲ್ಲಿ ಹೊರದೂಡಬಲ್ಲ ದೇಹವು ಇನ್ನೊಂದನ್ನು ಹತ್ತು ವರ್ಷಗಳಾದರೂ ಏಕೆ ಹೊರದೂಡಲಾರದು? ಅಷ್ಟು ಕಾಲವೂ ಅದರ ರಕ್ಷಕ ಜೀವಕೋಶಗಳು ಎಲ್ಲಿರುತ್ತವೆ, ಏನು ಮಾಡುತ್ತಿರುತ್ತವೆ? ಅವು ವೈರಸನ್ನು ಗುರುತಿಸಲೇ ಇಲ್ಲವೆ? ಗುರುತಿಸಿ ಹೋರಾಡಿ ಸತ್ತುಹೋದವೆ? ಅಥವಾ ಬದುಕಿದ್ದೂ ಸುಮ್ಮನಿರುವುವೆ? ಕಳೆದ ಕೆಲವು ದಶಕಗಳ ಸಂಶೋಧನೆಯಿಂದ ಈ ಪ್ರಶ್ನೆಗಳಿಗೆ ದೊರೆತಿರುವ ಉತ್ತರವನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲು ಉದ್ದೇಶಿಸಿದ್ದೇವೆ. ಈ ಉತ್ತರದ ಬಹುಭಾಗವು ಚಿಟ್ಟಿಲಿಗಳಿಗೆ ತಗಲುವ ಒಂದು ವೈರಸಿನ ಅಭ್ಯಾಸದಿಂದ ಬಂದುದಾದ ಕಾರಣ, ಆ ವೈರಸಿನ ಚರಿತ್ರೆಯನ್ನೇ ನಮ್ಮ ನಿರೂಪಣೆಗೆ ಆಧಾರವಾಗಿ ಇಟ್ಟುಕೊಂಡಿದ್ದೇವೆ.

ಸೋಂಕು ಬೇಗ ಮುಗಿದಾಗ

ಮೊದಲು ಟಿ ಜೀವಕೋಶಗಳ ಸಾಮಾನ್ಯ ನಡವಳಿಕೆಯನ್ನು ತಿಳಿದುಕೊಳ್ಳುವುದು ಅವಶ್ಯಕ. ಇವು ಬಿಳಿಯ ರಕ್ತಕಣಗಳ ಒಂದು ಜಾತಿ. ಇವುಗಳ ಮೂಲಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಗೆ ಹೋಗಿ ಅಲ್ಲಿ ಪಕ್ವವಾಗುತ್ತವೆ. ಥೈಮಸಿನ ಮೊದಲಕ್ಷರದಿಂದಲೇ ಇವಕ್ಕೆ ಟಿ ಎಂಬ ಹೆಸರು ಬಂದಿದೆ. ಇವುಗಳಲ್ಲಿ ಎರಡು ಮುಖ್ಯ ಪಂಗಡಗಳಿವೆ. ಸಿಡಿ-೪ ಎಂಬ ಗುರುತನ್ನು ಹೊತ್ತವು ಇತರ ಜೀವಕೋಶಗಳಿಗೆ ನೆರವಾಗುವ ಸಹಾಯಕ ಕೋಶಗಳು. ಸಿಡಿ-೮ ಎಂಬ ಗುರುತನ್ನು ಹೊತ್ತವು ವೈರಸು ಹೊಕ್ಕ ಜೀವಕೋಶವನ್ನು ಕೊಲ್ಲಬಲ್ಲ ಘಾತಕ ಕೋಶಗಳು. ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟವು ಈ ಘಾತಕ ಕೋಶಗಳೇ.

ಪ್ರತಿಯೊಂದು ಟಿ ಜೀವಕೋಶದ ಹೊರಮೈಮೇಲೂ ಒಂದು ವಿಶಿಷ್ಟ ರೂಪದ ಗ್ರಾಹಕವಿರುತ್ತದೆ. ಅದು ಒಂದು ನಿರ್ದಿಷ್ಟ ಪ್ರೋಟೀನಿನ ತುಣುಕನ್ನು ಮಾತ್ರ ಗುರುತಿಸಬಲ್ಲದು. ಆದರೆ ವೈರಸು ಜೀವಕೋಶದ ಒಳಗೆ ಅವಿತಿರುವಾಗ ಹೊರಗಿನಿಂದ ಅದನ್ನು ಗುರುತಿಸುವ ಬಗೆ ಹೇಗೆ? ದೇಹದ ಜೀವಕೋಶಗಳು ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ತುಣುಕುಗಳನ್ನು ಒಂದು ವಿಶೇಷ ಅಣುವಿನ ಮೇಲಿಟ್ಟು ಹೊರಮೈಯಲ್ಲಿ ಪ್ರದರ್ಶಿಸುತ್ತಲೇ ಇರುತ್ತವೆ. ಒಳಗೆ ವೈರಸಿದ್ದರೆ ಅದರ ತುಣುಕುಗಳೂ ಹೀಗೆ ಹೊರಗೆ ಕಾಣುತ್ತವೆ. ಟಿ ಜೀವಕೋಶವು ವೈರಸಿನ ತುಣುಕನ್ನೂ ಅದನ್ನು ಹಿಡಿದಿರುವ ಸ್ವಂತ ದೇಹದ ಅಣುವನ್ನೂ ಒಟ್ಟಿಗೆ ಗುರುತಿಸುತ್ತದೆ ಎಂಬುದನ್ನು ೧೯೭೪ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಶೋಧಕ್ಕಾಗಿ ಅವರಿಗೆ ೧೯೯೬ರ ನೊಬೆಲ್ ಪಾರಿತೋಷಕ ಸಂದಿತು. ಅವರು ಬಳಸಿದುದು ನಾವು ಮುಂದೆ ವಿವರಿಸಲಿರುವ ಚಿಟ್ಟಿಲಿಯ ವೈರಸನ್ನೇ ಎಂಬುದು ಗಮನಾರ್ಹ.

ಸೋಂಕಿಲ್ಲದ ಚಿಟ್ಟಿಲಿಯಲ್ಲಿ ವೈರಸಿನ ಒಂದು ನಿರ್ದಿಷ್ಟ ತುಣುಕನ್ನು ಗುರುತಿಸಬಲ್ಲ ಘಾತಕ ಕೋಶಗಳು ಕೆಲವು ನೂರಕ್ಕಿಂತ ಹೆಚ್ಚಿರುವುದಿಲ್ಲ. ಸೋಂಕು ತಗಲಿದೊಡನೆ ಅವು ದಿನಕ್ಕೆ ಹಲವು ಬಾರಿ ವಿಭಜನೆ ಹೊಂದಿ, ಎಂಟು ದಿನಗಳೊಳಗಾಗಿ ಸುಮಾರು ಒಂದು ಕೋಟಿಯಷ್ಟಾಗುತ್ತವೆ. ಹೀಗೆ ಬೆಳೆದ ಕೋಶಗಳಿಗೆ ಎರಡು ಬಗೆಯ ಸಾಮರ್ಥ್ಯಗಳಿರುತ್ತವೆ. ಸೋಂಕಿತ ಕೋಶದ ಪೊರೆಯಲ್ಲಿ ರಂಧ್ರ ಮಾಡಿ ಅದರೊಳಕ್ಕೆ ಮಾರಕ ಕಿಣ್ವಗಳನ್ನು ಹೊಗಿಸುವುದು ಒಂದು. ಇಂಟರ್‌ಫೆರಾನ್ ಗಾಮ, ಟಿಎನ್‌ಎಫ್, ಇಂಟರ್‌ಲ್ಯೂಕಿನ್-೨ ಮುಂತಾದ ಸಂದೇಶದ್ರವ್ಯಗಳನ್ನು ಸ್ರವಿಸಿ ವೈರಸಿನ ವೃದ್ಧಿಯನ್ನು ತಡೆಯುವುದು ಮತ್ತು ಜೊತೆಯ ಕೋಶಗಳನ್ನು ಪ್ರಚೋದಿಸುವುದು ಇನ್ನೊಂದು. ವೈರಸು ನಿರ್ಮೂಲವಾದ ಮೇಲೆ ಈ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತುಹೋಗುತ್ತವೆ. ಉಳಿದವು ಸ್ಮೃತಿಕೋಶಗಳಾಗಿ ಮಾರ್ಪಡುತ್ತವೆ. ಸ್ಮೃತಿಕೋಶಗಳು ಜೀವಿಸಿರಲು ವೈರಸಿನ ಅಗತ್ಯವಿಲ್ಲ. ಅವು ನಿಧಾನವಾಗಿ ವಿಭಜನೆ ಹೊಂದುತ್ತ ದೀರ್ಘಕಾಲ ಉಳಿದಿದ್ದು, ಅದೇ ವೈರಸು ಮತ್ತೆ ಬಂದರೆ ಕೂಡಲೇ ಕಾರ್ಯೋನ್ಮುಖವಾಗುತ್ತವೆ.

ಒಂದೇ ವೈರಸಿನ ಎರಡು ತಳಿಗಳು

೧೯೩೩ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಿದುಳಿನ ಉರಿಯೂತದ ಸಾಂಕ್ರಾಮಿಕ ರೋಗವೊಂದು ಹಬ್ಬಿತು. ಅದರ ಕಾರಣವನ್ನು ಅರಸುತ್ತಿದ್ದ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯವಿಜ್ಞಾನಿಗೆ ಆ ಸಾಂಕ್ರಾಮಿಕಕ್ಕೆ ಸಂಬಂಧಪಡದ ಹೊಸ ವೈರಸೊಂದು ದೊರೆಯಿತು. ಪ್ರಯೋಗದ ಪ್ರಾಣಿಗಳಲ್ಲಿ ಅದು ಮಿದುಳಿನ ಪೊರೆಗಳ ಉರಿಯೂತವನ್ನು ಉಂಟುಮಾಡುತ್ತಿತ್ತು. ಅದಕ್ಕೆ ಲಿಂಫೊಸೈಟಿಕ್ ಕೋರಿಯೊಮೆನಿಂಜೈಟಿಸ್ ವೈರಸು ಎಂಬ ಹೆಸರಾಯಿತು. ಸೌಕರ್ಯಕ್ಕಾಗಿ ಇದನ್ನು ಎಲ್‌ಸಿಎಂ ವೈರಸು ಎಂದು ಕರೆಯುತ್ತೇವೆ. ಎರಡು ವರ್ಷಗಳ ತರುವಾಯ ಪ್ರಿನ್ಸ್‌ಟನ್ನಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಎರಿಖ್ ಟ್ರೌಬ್ ಎಂಬವರು ಇದೇ ವೈರಸನ್ನು ಸಾಕಿದ ಚಿಟ್ಟಿಲಿಗಳಲ್ಲಿ ಕಂಡರು. ತಾಯಿಯ ಗರ್ಭದಲ್ಲಿಯೇ ಸೋಂಕು ಪಡೆದ ಮರಿಗಳು ರೋಗದ ಯಾವ ಲಕ್ಷಣವನ್ನೂ ತೋರದೆ ಜೀವಮಾನಪರ್ಯಂತ ವೈರಸನ್ನು ಹೊತ್ತಿರುತ್ತಿದ್ದುವು. ಬೆಳೆದ ಇಲಿಗೆ ಸೋಂಕು ತಗಲಿದರೆ ಪರಿಣಾಮ ಬೇರೆಯಾಗಿರುತ್ತಿತ್ತು.

ಈ ವಿಚಿತ್ರಕ್ಕೆ ಆಗ ದೊರೆತ ವಿವರಣೆ ಸಹಿಷ್ಣುತೆಯೆಂಬುದು. ಹುಟ್ಟುವುದಕ್ಕೆ ಮೊದಲೇ ಎದುರಾದ ಪರವಸ್ತುವನ್ನು ದೇಹವು ತನ್ನದೇ ಎಂದು ಭಾವಿಸಿಬಿಡುತ್ತದೆ ಎಂದು ೧೯೪೯ರಲ್ಲಿ ಬರ್ನೆಟ್ ಮತ್ತು ಫೆನರ್ ಪ್ರತಿಪಾದಿಸಿದರು. ಈ ತತ್ತ್ವಕ್ಕೆ ಟ್ರೌಬರ ಇಲಿಗಳು ಒಂದು ಮುಖ್ಯ ನಿದರ್ಶನವಾದುವು. ಆದರೆ ೧೯೬೦ರ ದಶಕದ ಕೊನೆಯ ವೇಳೆಗೆ ಮೈಕೆಲ್ ಓಲ್ಡ್‌ಸ್ಟೋನ್ ಮತ್ತು ಫ್ರಾಂಕ್ ಡಿಕ್ಸನ್, ಇಂಥ ಇಲಿಗಳ ಮೂತ್ರಪಿಂಡಗಳಲ್ಲಿ ವೈರಸಿಗೆ ಅಂಟಿಕೊಂಡ ಪ್ರತಿಕಾಯಗಳು ಶೇಖರವಾಗಿರುವುದನ್ನು ತೋರಿಸಿದರು. ದೇಹವು ವೈರಸನ್ನು ಗುರುತಿಸಿದೆ, ಆದರೆ ಹೊರದೂಡಲಾರದೆ ಇದೆ ಎಂಬುದು ಇದರಿಂದ ವಿದಿತವಾಯಿತು. ನಾವು ಆರಂಭದಲ್ಲಿ ಕೇಳಿದ ಮೊದಲನೆಯ ಪ್ರಶ್ನೆಗೆ, ಎಂದರೆ ದೇಹವು ವೈರಸನ್ನು ಗುರುತಿಸಲೇ ಇಲ್ಲವೆ ಎಂಬುದಕ್ಕೆ, ಹೀಗೆ ಉತ್ತರ ದೊರೆಯಿತು.

ಮುಂದಿನ ಹೆಜ್ಜೆಯನ್ನು ಇಟ್ಟವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ತೆರಳಿದ ರಫಿ ಅಹ್ಮದ್. ಅವರೂ ಓಲ್ಡ್‌ಸ್ಟೋನ್ ಮೊದಲಾದ ಸಹೋದ್ಯೋಗಿಗಳೂ ೧೯೮೪ರಲ್ಲಿ ಒಂದು ಮಹತ್ತ್ವದ ಸಂಗತಿಯನ್ನು ಪ್ರಕಟಿಸಿದರು. ಆರ್ಮ್‌ಸ್ಟ್ರಾಂಗರ ಹೆಸರನ್ನು ಹೊತ್ತ ತಳಿಯಿಂದ ಹುಟ್ಟಿದಾಗಲೇ ಸೋಂಕು ಪಡೆದ ಇಲಿಗಳ ಗುಲ್ಮದಿಂದ ಅವರು ಹೊಸದೊಂದು ತಳಿಯನ್ನು ಬೇರ್ಪಡಿಸಿದರು. ಇದಕ್ಕೆ ಕ್ಲೋನ್-೧೩ ಎಂದು ಹೆಸರು. ಬೆಳೆದ ಇಲಿಗೆ ಆರ್ಮ್‌ಸ್ಟ್ರಾಂಗ್ ತಳಿಯನ್ನು ಚುಚ್ಚಿದರೆ ಸುಮಾರು ಎಂಟು ಹತ್ತು ದಿನಗಳಲ್ಲಿ ವೈರಸು ನಿರ್ಮೂಲವಾಗುತ್ತದೆ. ಕ್ಲೋನ್-೧೩ನ್ನು ರಕ್ತನಾಳದ ಮೂಲಕ ಹೆಚ್ಚು ಪ್ರಮಾಣದಲ್ಲಿ ಚುಚ್ಚಿದರೆ ಅದು ರಕ್ತದಲ್ಲಿ ಎರಡು ಮೂರು ತಿಂಗಳೂ ಮೂತ್ರಪಿಂಡ ಮುಂತಾದ ಅಂಗಗಳಲ್ಲಿ ಇನ್ನೂ ಹೆಚ್ಚು ಕಾಲವೂ ಉಳಿಯುತ್ತದೆ. ಇವೆರಡಕ್ಕೂ ಇರುವ ವ್ಯತ್ಯಾಸ ಅತ್ಯಲ್ಪ. ಮುಖ್ಯವಾದುವು ಎರಡು ಅಮೈನೊ ಆಮ್ಲಗಳ ಬದಲಾವಣೆಗಳು. ಒಂದರಿಂದ ವೈರಸು ಜೀವಕೋಶದ ಹೊರಮೈಗೆ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಇನ್ನೊಂದರಿಂದ ಅದರ ಪ್ರತಿರೂಪಗಳು ಹೆಚ್ಚು ವೇಗವಾಗಿ ತಯಾರಾಗುತ್ತವೆ. ಟಿ ಜೀವಕೋಶಗಳು ಗುರುತಿಸುವ ತುಣುಕುಗಳು ಮಾತ್ರ ಎರಡರಲ್ಲಿಯೂ ಒಂದೇ. ಆದ್ದರಿಂದ ಒಂದೇ ಬಗೆಯ ಇಲಿಯಲ್ಲಿ, ಒಂದೇ ಬಗೆಯ ಟಿ ಜೀವಕೋಶಗಳು ಅಲ್ಪಕಾಲದ ಸೋಂಕಿನಲ್ಲಿ ಹೇಗಿರುತ್ತವೆ, ದೀರ್ಘಕಾಲದ ಸೋಂಕಿನಲ್ಲಿ ಹೇಗಾಗುತ್ತವೆ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡುವ ಅನುಕೂಲ ಉಂಟಾಯಿತು.

ಸತ್ತುವೆ, ಸುಮ್ಮನಾದುವೆ?

೧೯೯೩ರಲ್ಲಿ ಮೊಸ್ಕೊಫಿಡಿಸ್, ಜಿಂಕರ್‌ನಾಗೆಲ್ ಮತ್ತು ಅವರ ಸಹೋದ್ಯೋಗಿಗಳು, ಎಲ್‌ಸಿಎಂ ವೈರಸಿನ ವೇಗವಾಗಿ ಹರಡುವ ತಳಿಯೊಂದನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಘಾತಕ ಕೋಶಗಳು ಮೊದಲು ವೃದ್ಧಿಯಾಗಿ ಬಳಿಕ ಕಾಣೆಯಾಗುವುದನ್ನು ವರದಿ ಮಾಡಿದರು. ಎಲ್ಲ ಕೋಶಗಳೂ ಒಮ್ಮೆಗೇ ಹೋರಾಟಕ್ಕಿಳಿದು ಮುಗಿದುಹೋಗುತ್ತವೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಬಳಲಿಕೆ ಎಂದು ನಾವು ಕನ್ನಡದಲ್ಲಿ ಹೇಳುತ್ತಿರುವ ಪದವನ್ನು ಅವರು ಬಳಸಿದುದು ಈ ಅರ್ಥದಲ್ಲಿ.

ಆದರೆ ಆ ಕಾಲದ ಎಣಿಕೆಯ ವಿಧಾನದಲ್ಲಿ ಒಂದು ಪರಿಮಿತಿಯಿತ್ತು. ಟಿ ಜೀವಕೋಶಗಳನ್ನು ಅವು ಮಾಡುವ ಕೆಲಸದಿಂದ ಮಾತ್ರ ಎಣಿಸಲು ಸಾಧ್ಯವಿತ್ತು. ಎಷ್ಟು ಸೋಂಕಿತ ಕೋಶಗಳು ಸತ್ತುವು ಎಂಬುದರ ಮೇಲೆ ಘಾತಕ ಕೋಶಗಳ ಸಂಖ್ಯೆಯನ್ನು ಅಂದಾಜು ಮಾಡಲಾಗುತ್ತಿತ್ತು. ಕೆಲಸ ಮಾಡದ ಕೋಶವೊಂದಿದ್ದರೆ ಅದು ಲೆಕ್ಕಕ್ಕೆ ಸಿಕ್ಕುತ್ತಲೇ ಇರಲಿಲ್ಲ. ೧೯೯೬ರಲ್ಲಿ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮೊದಲಾದವರು ಈ ತೊಡಕನ್ನು ನಿವಾರಿಸಿದರು. ವೈರಸಿನ ತುಣುಕನ್ನು ಹಿಡಿದಿರುವ ಅಣುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ನಾಲ್ಕು ನಾಲ್ಕನ್ನು ಒಟ್ಟಿಗೆ ಜೋಡಿಸಿ, ಅದಕ್ಕೆ ಹೊಳೆಯುವ ಬಣ್ಣವನ್ನು ಕೂಡಿಸಿದರು. ಈ ಚತುಷ್ಕವು ತಕ್ಕ ಗ್ರಾಹಕವುಳ್ಳ ಟಿ ಜೀವಕೋಶಕ್ಕೆ, ಅದು ಕೆಲಸ ಮಾಡಲಿ ಮಾಡದಿರಲಿ, ಅಂಟಿಕೊಳ್ಳುತ್ತದೆ. ಕೋಶದ ಇರವನ್ನೂ ಅದರ ಕಾರ್ಯವನ್ನೂ ಬೇರೆ ಬೇರೆಯಾಗಿ ಅಳೆಯುವುದು ಹೀಗೆ ಮೊದಲ ಬಾರಿಗೆ ಸಾಧ್ಯವಾಯಿತು.

೧೯೯೮ರಲ್ಲಿ ಅಟ್ಲಾಂಟದ ಎಮೊರಿ ವಿಶ್ವವಿದ್ಯಾಲಯದಲ್ಲಿ ಅಹ್ಮದ್ ಮತ್ತು ಅವರ ಸಂಗಡಿಗರು ಈ ವಿಧಾನವನ್ನು ದೀರ್ಘಕಾಲ ಸೋಂಕು ಹೊತ್ತ ಇಲಿಗಳಿಗೆ ಅನ್ವಯಿಸಿದರು. ವೈರಸನ್ನು ಗುರುತಿಸುವ ಘಾತಕ ಕೋಶಗಳು ಸೋಂಕು ಮುಂದುವರಿಯುತ್ತಿರುವಾಗಲೂ ಜೀವಂತವಾಗಿಯೇ ಇದ್ದುವು. ಆದರೆ ಅವು ಕೊಲ್ಲುತ್ತಿರಲಿಲ್ಲ, ಸಂದೇಶದ್ರವ್ಯಗಳನ್ನು ಸ್ರವಿಸುತ್ತಿರಲಿಲ್ಲ. ಕೆಲವು ಕೋಶಗಳು ನಿಜವಾಗಿಯೂ ಅಳಿದುಹೋಗುತ್ತವೆ, ಉಳಿದವು ಬದುಕಿದ್ದೂ ನಿಷ್ಕ್ರಿಯವಾಗುತ್ತವೆ ಎಂಬ ಎರಡು ಮಾತುಗಳೂ ಸತ್ಯವೆಂದು ಈಗ ತಿಳಿಯಬಂದಿತು.

ಈ ನಿಷ್ಕ್ರಿಯತೆ ಒಮ್ಮೆಗೇ ಬರುವುದಲ್ಲ. ೨೦೦೩ರಲ್ಲಿ ಜಾನ್ ವೆರಿ ಮತ್ತು ಸಹೋದ್ಯೋಗಿಗಳು ಅದರ ಕ್ರಮವನ್ನು ನಿರೂಪಿಸಿದರು. ಇಂಟರ್‌ಲ್ಯೂಕಿನ್-೨ನ್ನು ತಯಾರಿಸುವ ಶಕ್ತಿ ಮೊದಲು ಕುಂದುತ್ತದೆ. ಅದರೊಡನೆ ವಿಭಜನೆಯ ಮತ್ತು ಕೊಲ್ಲುವ ಸಾಮರ್ಥ್ಯಗಳೂ ತಗ್ಗುತ್ತವೆ. ಆಮೇಲೆ ಟಿಎನ್‌ಎಫ್ ಸ್ರವಿಸುವ ಶಕ್ತಿ ಹೋಗುತ್ತದೆ. ಇಂಟರ್‌ಫೆರಾನ್ ಗಾಮ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿದು, ಕಟ್ಟಕಡೆಗೆ ಅದೂ ಇಲ್ಲವಾಗುತ್ತದೆ. ಅದಕ್ಕೂ ಮುಂದಿನ ಹಂತವೇ ಕೋಶದ ಅಳಿವು. ಯಾವ ತುಣುಕು ಹೆಚ್ಚಾಗಿ ಪ್ರದರ್ಶಿತವಾಗುತ್ತದೆಯೋ ಅದನ್ನು ಗುರುತಿಸುವ ಕೋಶಗಳು ಬೇಗ ಕೊನೆಯ ಹಂತವನ್ನು ಮುಟ್ಟುತ್ತವೆ. ಸಹಾಯಕ ಸಿಡಿ-೪ ಕೋಶಗಳ ನೆರವು ತಪ್ಪಿದರೆ ಈ ಕುಸಿತ ಇನ್ನಷ್ಟು ತೀವ್ರವಾಗುತ್ತದೆ. ಬಿಡುವಿಲ್ಲದ ಪ್ರಚೋದನೆಯೇ ಬಳಲಿಕೆಯ ಮೂಲಕಾರಣವೆಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ತಡೆಯುವ ಗ್ರಾಹಕಗಳು

ಬಳಲಿದ ಕೋಶಕ್ಕೂ ಸ್ಮೃತಿಕೋಶಕ್ಕೂ ಹೊರಮೈಯಲ್ಲಿಯೇ ಒಂದು ಭೇದವಿದೆ. ೧೯೯೨ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತಸುಕು ಹೊಂಜೊ ಅವರ ಪ್ರಯೋಗಾಲಯದಲ್ಲಿ ಪಿಡಿ-೧ ಎಂಬ ಗ್ರಾಹಕದ ಜೀನನ್ನು ಕಂಡುಹಿಡಿಯಲಾಗಿತ್ತು. ಅದಕ್ಕೆ ಜೊತೆಯಾಗಿ ಅಂಟುವ ಪಿಡಿ-ಎಲ್೧ ಎಂಬ ಅಣು ೨೦೦೦ದ ವೇಳೆಗೆ ಗೊತ್ತಾಯಿತು. ದೇಹದ ಅನೇಕ ಜೀವಕೋಶಗಳು, ಅದರಲ್ಲಿಯೂ ಉರಿಯೂತವಿರುವ ಜಾಗದ ಕೋಶಗಳು, ಪಿಡಿ-ಎಲ್೧ನ್ನು ತಮ್ಮ ಹೊರಮೈಯಲ್ಲಿ ತೋರುತ್ತವೆ. ಅದು ಟಿ ಜೀವಕೋಶದ ಪಿಡಿ-೧ಕ್ಕೆ ಅಂಟಿದಾಗ, ಕೋಶದ ಒಳಗೆ ಹರಿಯುತ್ತಿರುವ ಪ್ರಚೋದನೆಯ ಸಂಕೇತವನ್ನು ತಗ್ಗಿಸುವ ಕಿಣ್ವಗಳು ಅಲ್ಲಿಗೆ ಬಂದು ಸೇರುತ್ತವೆ. ಸಾಮಾನ್ಯ ಸೋಂಕಿನಲ್ಲಿಯೂ ಟಿ ಜೀವಕೋಶಗಳು ಕೆಲವು ದಿನ ಪಿಡಿ-೧ನ್ನು ತೋರಿ ಮತ್ತೆ ಕಳೆದುಕೊಳ್ಳುತ್ತವೆ. ದೀರ್ಘಕಾಲದ ಸೋಂಕಿನಲ್ಲಿ ಅದು ಹೋಗುವುದೇ ಇಲ್ಲ.

೨೦೦೬ರಲ್ಲಿ ಡೇನಿಯಲ್ ಬಾರ್ಬರ್, ಅಹ್ಮದ್ ಮತ್ತು ಸಹೋದ್ಯೋಗಿಗಳು, ಕ್ಲೋನ್-೧೩ರಿಂದ ಸೋಂಕು ಪಡೆದ ಇಲಿಗಳಿಗೆ ಪಿಡಿ-ಎಲ್೧ನ್ನು ಮುಚ್ಚುವ ಪ್ರತಿಕಾಯವನ್ನು ಕೊಟ್ಟರು. ಬಳಲಿದ ಘಾತಕ ಕೋಶಗಳು ಮರಳಿ ವಿಭಜನೆ ಹೊಂದಿದುವು, ಸಂದೇಶದ್ರವ್ಯಗಳನ್ನು ಸ್ರವಿಸಿದುವು, ವೈರಸಿನ ಪ್ರಮಾಣ ಇಳಿಯಿತು. ಸಹಾಯಕ ಕೋಶಗಳಿಲ್ಲದ ಇಲಿಗಳಲ್ಲಿಯೂ ಈ ಪರಿಣಾಮ ಕಂಡುಬಂದಿತು. ಬಳಲಿಕೆ ಸ್ವಲ್ಪಮಟ್ಟಿಗಾದರೂ ಹಿಂದಕ್ಕೆ ತಿರುಗಿಸಬಹುದಾದ ಸ್ಥಿತಿಯೆಂಬುದಕ್ಕೆ ಇದು ನಿರ್ಣಾಯಕವಾದ ಪ್ರಮಾಣ. ಮುಂದೆ ಲ್ಯಾಗ್-೩, ಟಿಮ್-೩ ಮುಂತಾದ ಬೇರೆ ತಡೆಯ ಗ್ರಾಹಕಗಳೂ ಬಳಲಿದ ಕೋಶಗಳ ಮೇಲೆ ಕಾಣಿಸಿದುವು. ಒಂದು ಕೋಶದ ಮೇಲೆ ಇಂಥ ಗ್ರಾಹಕಗಳ ಬಗೆಗಳು ಹೆಚ್ಚಿದಷ್ಟೂ ಅದರ ಬಳಲಿಕೆ ಹೆಚ್ಚಾಗಿರುತ್ತದೆ.

ಕೋಶಕೇಂದ್ರದಲ್ಲಿ ಆಗುವ ಮಾರ್ಪಾಡು

ಹಾಗಾದರೆ ತಡೆಯನ್ನು ತೆಗೆದೊಡನೆ ಬಳಲಿದ ಕೋಶವು ಸ್ಮೃತಿಕೋಶವಾಗಿ ಪರಿಣಮಿಸುವುದೆ? ಇಲ್ಲವೆಂಬುದು ೨೦೧೬ರಲ್ಲಿ ಪ್ರಕಟವಾದ ಸಂಶೋಧನೆಗಳ ತಾತ್ಪರ್ಯ. ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ತಂತುವು ಪ್ರೋಟೀನುಗಳ ಮೇಲೆ ಸುತ್ತಿಕೊಂಡಿರುತ್ತದೆ. ಯಾವ ಭಾಗ ಬಿಚ್ಚಿಕೊಂಡಿದೆಯೋ ಆ ಭಾಗದ ಜೀನುಗಳು ಮಾತ್ರ ಕೆಲಸ ಮಾಡಬಲ್ಲವು. ಬಳಲಿದ ಕೋಶಗಳಲ್ಲಿ ಬಿಚ್ಚಿಕೊಂಡಿರುವ ಮತ್ತು ಮುಚ್ಚಿಕೊಂಡಿರುವ ಭಾಗಗಳ ವಿನ್ಯಾಸವು ಹೋರಾಟದಲ್ಲಿರುವ ಘಾತಕ ಕೋಶದ ವಿನ್ಯಾಸಕ್ಕಿಂತಲೂ ಸ್ಮೃತಿಕೋಶದ ವಿನ್ಯಾಸಕ್ಕಿಂತಲೂ ಭಿನ್ನವಾಗಿದೆ. ಪಿಡಿ-ಎಲ್೧ನ್ನು ತಡೆದಾಗ ಕೋಶದ ಕಾರ್ಯ ತಾತ್ಕಾಲಿಕವಾಗಿ ಚುರುಕಾಗುತ್ತದೆಯೇ ಹೊರತು ಈ ವಿನ್ಯಾಸ ಹೆಚ್ಚಾಗಿ ಬದಲಾಗುವುದಿಲ್ಲ. ಆದಕಾರಣ ಬಳಲಿಕೆಯು ಕೇವಲ ಶಕ್ತಿಯ ಕುಂದು ಮಾತ್ರವಲ್ಲ, ಟಿ ಜೀವಕೋಶವು ಹಿಡಿಯುವ ಒಂದು ಪ್ರತ್ಯೇಕ ಮಾರ್ಗವೇ ಆಗಿದೆ ಎನ್ನಬೇಕಾಗುತ್ತದೆ.

ಈ ಮಾರ್ಗದಲ್ಲಿ ಸಾಗುವ ಕೋಶಗಳೆಲ್ಲವೂ ಸಮಾನವಲ್ಲ. ಟಿಸಿಎಫ್-೧ ಎಂಬ ಪ್ರೋಟೀನನ್ನು ಉಳಿಸಿಕೊಂಡಿರುವ ಒಂದು ಚಿಕ್ಕ ಪಂಗಡವಿದೆಯೆಂದು ಅದೇ ೨೦೧೬ರಲ್ಲಿ ಹಲವು ತಂಡಗಳು ತೋರಿಸಿದುವು. ಈ ಕೋಶಗಳು ಮುಖ್ಯವಾಗಿ ಗುಲ್ಮ, ದುಗ್ಧಗ್ರಂಥಿ ಮುಂತಾದ ಅಂಗಗಳಲ್ಲಿ ವಾಸಿಸುತ್ತವೆ. ನಿಧಾನವಾಗಿ ವಿಭಜನೆ ಹೊಂದಿ ತಮ್ಮಂಥವನ್ನೂ ಹುಟ್ಟಿಸುತ್ತವೆ, ಪೂರ್ಣ ಬಳಲಿದ ಕೋಶಗಳನ್ನೂ ಹುಟ್ಟಿಸುತ್ತವೆ. ಪೂರ್ಣ ಬಳಲಿದವು ಸೋಂಕಿರುವ ಅಂಗಗಳಿಗೆ ಹೋಗಿ, ಅಲ್ಪಸ್ವಲ್ಪ ಕೆಲಸ ಮಾಡಿ, ಮತ್ತೆ ವಿಭಜನೆ ಹೊಂದದೆ ಅಳಿಯುತ್ತವೆ. ಪಿಡಿ-೧ರ ತಡೆಯನ್ನು ತೆಗೆದಾಗ ಹೆಚ್ಚುವುದು ಈ ಚಿಕ್ಕ ಪಂಗಡದ ಸಂತತಿ. ಕೊನೆಯ ಹಂತ ಮುಟ್ಟಿದ ಕೋಶಗಳು ಪುನಶ್ಚೇತನಗೊಳ್ಳುವುದಿಲ್ಲ.

೨೦೧೯ರಲ್ಲಿ ಇನ್ನೊಂದು ಸಂಗತಿ ತಿಳಿಯಬಂದಿತು. ಈ ಮಾರ್ಗವನ್ನು ನಿರ್ಧರಿಸುವ ಪ್ರೋಟೀನು ಟಾಕ್ಸ್ ಎಂಬುದು. ಎಡೆಬಿಡದ ಪ್ರಚೋದನೆಯಿಂದ ಅದು ಕೋಶಕೇಂದ್ರದಲ್ಲಿ ಹೆಚ್ಚಾಗಿ, ಮೇಲೆ ಹೇಳಿದ ಡಿಎನ್‌ಎ ವಿನ್ಯಾಸವನ್ನು ಮಾರ್ಪಡಿಸುತ್ತದೆ. ಟಾಕ್ಸ್ ಇಲ್ಲದಂತೆ ಮಾಡಿದರೆ ಟಿ ಜೀವಕೋಶಗಳು ಬಳಲದೆ ಗೆಲ್ಲುವುವೆಂದು ನಿರೀಕ್ಷಿಸಬಹುದಾಗಿತ್ತು. ಆದುದು ಹಾಗಲ್ಲ. ಟಾಕ್ಸ್ ಇಲ್ಲದ ಕೋಶಗಳು ಮೊದಮೊದಲು ಹೆಚ್ಚು ಚುರುಕಾಗಿದ್ದು, ದೀರ್ಘಕಾಲದ ಸೋಂಕಿನಲ್ಲಿ ಉಳಿಯಲಾರದೆ ನಾಶವಾದುವು. ವೈರಸು ಹೋಗದಿರುವಾಗ ಟಿ ಜೀವಕೋಶವು ಬದುಕಿ ಉಳಿಯಲು ಬಳಲಿಕೆಯೇ ಉಪಾಯವೆಂದು ಇದರಿಂದ ಸಿದ್ಧವಾಗುತ್ತದೆ.

ಬಳಲಿಕೆಯಿಂದ ದೇಹಕ್ಕೆ ಆಗುವ ರಕ್ಷಣೆ

ಬಳಲಿಕೆ ಟಿ ಜೀವಕೋಶವನ್ನು ಮಾತ್ರವಲ್ಲದೆ ಇಡೀ ದೇಹವನ್ನೂ ರಕ್ಷಿಸುತ್ತದೆ ಎಂಬುದಕ್ಕೆ ಸ್ಪಷ್ಟವಾದ ಸಾಕ್ಷ್ಯವಿದೆ. ಎಲ್‌ಸಿಎಂ ವೈರಸು ತಾನು ಹೊಕ್ಕ ಕೋಶವನ್ನು ತಾನಾಗಿ ಕೊಲ್ಲುವುದಿಲ್ಲ. ಅದನ್ನು ಬೆಳೆದ ಇಲಿಯ ಮಿದುಳಿಗೆ ಚುಚ್ಚಿದರೆ ಇಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಟಿ ಜೀವಕೋಶಗಳಿಲ್ಲದ ಇಲಿಗೆ ಹಾಗೆಯೇ ಚುಚ್ಚಿದರೆ ಅದು ವೈರಸನ್ನು ಹೊತ್ತೂ ಬದುಕುತ್ತದೆ. ಸಾವನ್ನು ತಂದುದು ವೈರಸಲ್ಲ, ಅದನ್ನು ಹೊರದೂಡಲು ಬಂದ ಕೋಶಗಳು. ಇದೇ ರೀತಿ, ಪಿಡಿ-ಎಲ್೧ ಜೀನಿಲ್ಲದ ಇಲಿಗಳಿಗೆ ಕ್ಲೋನ್-೧೩ರ ಸೋಂಕು ತಗಲಿದಾಗ ಅವುಗಳ ಟಿ ಜೀವಕೋಶಗಳು ತಡೆಯಿಲ್ಲದೆ ಸ್ವಂತ ಅಂಗಾಂಶಗಳನ್ನೇ ಹಾಳುಮಾಡಿ, ಇಲಿಗಳು ಬೇಗನೆ ಸತ್ತುವೆಂಬುದನ್ನು ಮೇಲೆ ಹೇಳಿದ ೨೦೦೬ರ ಪ್ರಯೋಗದಲ್ಲಿಯೇ ಗಮನಿಸಲಾಗಿದೆ.

ಮಾನವರ ಹೆಪಟೈಟಿಸ್ ಬಿ ರೋಗದಲ್ಲಿಯೂ ಯಕೃತ್ತಿನ ಹಾನಿಗೆ ವೈರಸಿಗಿಂತ ಹೆಚ್ಚಾಗಿ ಕಾರಣವಾಗುವುದು ಸೋಂಕಿತ ಕೋಶಗಳನ್ನು ಕೊಲ್ಲುವ ರೋಗರಕ್ಷಕ ಕೋಶಗಳೇ. ಸೋಂಕಿತ ಜೀವಕೋಶಗಳು ಕೆಲವೇ ಇದ್ದಾಗ ಅವನ್ನು ಕೊಂದು ರೋಗವನ್ನು ಮುಗಿಸುವುದು ದೇಹಕ್ಕೆ ಲಾಭದಾಯಕ. ಯಕೃತ್ತಿನ ಬಹುಭಾಗಕ್ಕೆ ಸೋಂಕು ಹರಡಿದ ಮೇಲೆ ಅದೇ ಕೊಲೆ ಮುಂದುವರಿದರೆ ಯಕೃತ್ತೇ ಉಳಿಯದು. ಆದ್ದರಿಂದ ಬಳಲಿಕೆಯನ್ನು ಸೋಲೆಂದು ಮಾತ್ರ ಎಣಿಸುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಅದು ವೈರಸನ್ನು ಪೂರ್ತಿಯಾಗಿ ಹೊರದೂಡುವ ಗುರಿಯನ್ನು ಬಿಟ್ಟು, ಅದನ್ನು ಒಂದು ಮಿತಿಯಲ್ಲಿಟ್ಟು ಅಂಗಗಳನ್ನು ಉಳಿಸಿಕೊಳ್ಳುವ ಒಂದು ಬಗೆಯ ಒಡಂಬಡಿಕೆ. ಬಳಲಿದ ಕೋಶಗಳೂ ಸಂಪೂರ್ಣವಾಗಿ ನಿರುಪಯುಕ್ತವಲ್ಲ. ಎಚ್‌ಐವಿಯ ಸಮೀಪದ ಬಂಧುವಾದ ಎಸ್‌ಐವಿ ಸೋಂಕುಳ್ಳ ಕೋತಿಗಳಿಂದ ಸಿಡಿ-೮ ಕೋಶಗಳನ್ನು ತೆಗೆದುಹಾಕಿದರೆ ರಕ್ತದಲ್ಲಿ ವೈರಸಿನ ಪ್ರಮಾಣ ಏರುವುದೇ ಇದಕ್ಕೆ ನಿದರ್ಶನ.

ಮಾನವ ರೋಗಗಳಲ್ಲಿ

ಚಿಟ್ಟಿಲಿಯಲ್ಲಿ ಕಂಡುದು ಮನುಷ್ಯನಲ್ಲಿಯೂ ನಿಜವೆ ಎಂಬುದನ್ನು ಈಗ ಪರಿಶೀಲಿಸಬಹುದು. ೨೦೦೬ರಲ್ಲಿಯೇ ಮೂರು ಸಂಶೋಧಕ ತಂಡಗಳು ಎಚ್‌ಐವಿ ರೋಗಿಗಳ ಟಿ ಜೀವಕೋಶಗಳನ್ನು ಪರೀಕ್ಷಿಸಿದುವು. ಇವುಗಳಲ್ಲೊಂದು ದಕ್ಷಿಣ ಆಫ್ರಿಕದ ಡರ್ಬನ್ ನಗರದ ರೋಗಿಗಳನ್ನು ಕುರಿತದ್ದು. ಎಚ್‌ಐವಿಯನ್ನು ಗುರುತಿಸುವ ಘಾತಕ ಕೋಶಗಳ ಮೇಲೆ ಪಿಡಿ-೧ ಹೆಚ್ಚಿದ್ದವರಲ್ಲಿ ರಕ್ತದ ವೈರಸಿನ ಪ್ರಮಾಣವೂ ಹೆಚ್ಚಿತ್ತು. ಪ್ರಯೋಗಾಲಯದಲ್ಲಿ ಪಿಡಿ-೧ರ ಮಾರ್ಗವನ್ನು ತಡೆದಾಗ ಆ ಕೋಶಗಳು ಮತ್ತೆ ವೃದ್ಧಿಯಾದುವು. ೨೦೦೯ರಲ್ಲಿ ಎಸ್‌ಐವಿ ಸೋಂಕುಳ್ಳ ಕೋತಿಗಳಿಗೆ ಪಿಡಿ-೧ನ್ನು ತಡೆಯುವ ಪ್ರತಿಕಾಯವನ್ನು ಕೊಟ್ಟಾಗ ವೈರಸಿನ ಪ್ರಮಾಣ ತಗ್ಗಿ ಅವುಗಳ ಆಯುಸ್ಸು ಹೆಚ್ಚಿತು.

ಈ ಜ್ಞಾನದ ಬಹುದೊಡ್ಡ ಪ್ರಯೋಜನ ದೊರೆತುದು ವೈರಸು ರೋಗಗಳಲ್ಲಲ್ಲ, ಅರ್ಬುದರೋಗದಲ್ಲಿ. ಅರ್ಬುದದ ಗಂಟಿನಲ್ಲಿಯೂ ಟಿ ಜೀವಕೋಶಗಳು ಎಡೆಬಿಡದ ಪ್ರಚೋದನೆಗೆ ಒಳಗಾಗಿ ಬಳಲುತ್ತವೆ. ಪಿಡಿ-೧ನ್ನು ತಡೆಯುವ ಔಷಧಗಳು ೨೦೧೪ರಿಂದ ಬಳಕೆಗೆ ಬಂದಿವೆ. ೨೦೧೮ರ ನೊಬೆಲ್ ಪಾರಿತೋಷಕವನ್ನು ಹೊಂಜೊ ಅವರಿಗೂ, ಇಂಥದೇ ಇನ್ನೊಂದು ತಡೆಯನ್ನು ಅಭ್ಯಾಸಮಾಡಿದ ಜೇಮ್ಸ್ ಆಲಿಸನ್ ಅವರಿಗೂ ನೀಡಲಾಯಿತು. ಈ ಔಷಧಗಳನ್ನು ಪಡೆದ ಕೆಲವರಲ್ಲಿ ಕರುಳು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿ ಮುಂತಾದವುಗಳ ಉರಿಯೂತ ಉಂಟಾಗುತ್ತದೆ. ತಡೆಯ ಗ್ರಾಹಕಗಳು ಆರೋಗ್ಯಕ್ಕಾಗಿ ಮಾಡುವ ಕೆಲಸ ಎಂಥದೆಂಬುದು ಅವುಗಳನ್ನು ತೆಗೆದಾಗ ಹೀಗೆ ವ್ಯಕ್ತವಾಗುತ್ತದೆ. ಅರ್ಬುದ ರೋಗಿಯ ವಿಷಯದಲ್ಲಿ ಈ ಅಪಾಯವನ್ನು ಎದುರಿಸುವುದು ನ್ಯಾಯವೆನಿಸಬಹುದು. ಔಷಧಗಳ ಸಹಾಯದಿಂದ ನೆಮ್ಮದಿಯಾಗಿ ಬಾಳುತ್ತಿರುವ ಎಚ್‌ಐವಿ ಅಥವಾ ಹೆಪಟೈಟಿಸ್ ಬಿ ರೋಗಿಯ ವಿಷಯದಲ್ಲಿ ಅದನ್ನು ಬಹಳ ಎಚ್ಚರಿಕೆಯಿಂದ ತೂಗಿ ನೋಡಬೇಕಾಗುತ್ತದೆ.

ಹೆಪಟೈಟಿಸ್ ಸಿ ರೋಗವು ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟಿದೆ. ಎಂಟರಿಂದ ಹನ್ನೆರಡು ವಾರಗಳ ಕಾಲ ಬಾಯಿಯ ಮೂಲಕ ತೆಗೆದುಕೊಳ್ಳುವ ಹೊಸ ಔಷಧಗಳಿಂದ ಇಂದು ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ರೋಗಿಗಳಲ್ಲಿ ಈ ವೈರಸು ಪೂರ್ತಿಯಾಗಿ ನಿರ್ಮೂಲವಾಗುತ್ತದೆ. ಪ್ರಚೋದನೆಯ ಮೂಲವೇ ಹೋದ ಬಳಿಕ ಬಳಲಿದ ಟಿ ಜೀವಕೋಶಗಳು ಚೇತರಿಸಿಕೊಳ್ಳುವುವೆ? ೨೦೨೧ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ ಅವು ಹೊರನೋಟಕ್ಕೆ ಸ್ಮೃತಿಕೋಶಗಳನ್ನು ಸ್ವಲ್ಪ ಹೋಲತೊಡಗುತ್ತವೆ, ಆದರೆ ಕೋಶಕೇಂದ್ರದಲ್ಲಿ ಬಳಲಿಕೆಯ ವಿನ್ಯಾಸ ಮಾಯದ ಗಾಯದ ಗುರುತಿನಂತೆ ಉಳಿದೇ ಇರುತ್ತದೆ. ಗುಣಹೊಂದಿದ ವ್ಯಕ್ತಿಗೆ ಆ ವೈರಸು ಮತ್ತೆ ತಗಲಬಹುದೆಂಬು‍ದೂ, ಈ ರೋಗಕ್ಕೆ ಇನ್ನೂ ಲಸಿಕೆ ಇಲ್ಲವೆಂಬುದೂ ಇಲ್ಲಿ ನೆನಪಿಡಬೇಕಾದ ಸಂಗತಿಗಳು.

ಉಪಸಂಹಾರ

ಇದುವರೆಗೆ ಹೇಳಿದ ವಿಷಯಗಳಿಂದ ಆರಂಭದ ಪ್ರಶ್ನೆಗಳಿಗೆ ಹೀಗೆ ಉತ್ತರ ಹೇಳಬಹುದು. ದೀರ್ಘಕಾಲದ ಸೋಂಕಿನಲ್ಲಿ ಟಿ ಜೀವಕೋಶಗಳು ವೈರಸನ್ನು ಗುರುತಿಸದೆ ಇರುವುದಿಲ್ಲ. ಅವೆಲ್ಲವೂ ಸಾಯುವುದೂ ಇಲ್ಲ. ಬಿಡುವಿಲ್ಲದ ಪ್ರಚೋದನೆಗೆ ಸಿಕ್ಕಿ ಅವು ಮತ್ತೊಂದು ಬಗೆಯ ಕೋಶಗಳಾಗುತ್ತವೆ. ಆ ಮಾರ್ಪಾಡಿನಿಂದ ವೈರಸು ಉಳಿಯುತ್ತದೆ, ದೇಹವೂ ಉಳಿಯುತ್ತದೆ.

ಚಿಕಿತ್ಸೆಯ ದೃಷ್ಟಿಯಿಂದ ಇದರಲ್ಲಿ ಅಡಗಿರುವ ಮುಖ್ಯ ಪಾಠ ಕಾಲಕ್ಕೆ ಸಂಬಂಧಪಟ್ಟದ್ದು. ದೀರ್ಘ ಸೋಂಕಿನ ಮೊದಲ ವಾರದ ಟಿ ಜೀವಕೋಶಗಳನ್ನು ತೆಗೆದು ಸೋಂಕಿಲ್ಲದ ಇಲಿಗೆ ವರ್ಗಾಯಿಸಿದರೆ ಅವು ಸ್ಮೃತಿಕೋಶಗಳಾಗಬಲ್ಲವು. ತಿಂಗಳು ಕಳೆದ ಮೇಲೆ ವರ್ಗಾಯಿಸಿದರೆ ಆಗಲಾರವು. ಬಳಲಿಕೆ ಬೇರೂರಿದ ತರುವಾಯ ಅದನ್ನು ಕೀಳುವುದಕ್ಕಿಂತ ಬೇರೂರದಂತೆ ನೋಡಿಕೊಳ್ಳುವುದು ಸುಲಭ. ಹೆಪಟೈಟಿಸ್ ಬಿ ಸೋಂಕು ಹುಟ್ಟುವಾಗ ತಾಯಿಯಿಂದ ತಗಲಿದರೆ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ನೆಲಸಿಬಿಡುತ್ತದೆ. ಬೆಳೆದವರಿಗೆ ತಗಲಿದರೆ ನೂರಕ್ಕೆ ಐವರಿಗಿಂತ ಕಡಮೆ ಜನರಲ್ಲಿ ಮಾತ್ರ ಹಾಗಾಗುತ್ತದೆ. ಹುಟ್ಟಿದ ೨೪ ಗಂಟೆಗಳೊಳಗೆ ಮಗುವಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಯೂ ಅದು ಸೇರಿದೆ. ಬಳಲಿದ ಟಿ ಜೀವಕೋಶವನ್ನು ಅಂಗಾಂಶಗಳಿಗೆ ಹಾನಿಯಾಗದಂತೆ ಎಚ್ಚರಿಸುವ ವಿಧಾನಗಳಿಗಾಗಿ ಪ್ರಯೋಗಾಲಯಗಳಲ್ಲಿ ಪ್ರಯತ್ನ ನಡೆಯುತ್ತಿದೆ. ಆ ಪ್ರಯತ್ನ ಫಲಿಸುವವರೆಗೂ, ಫಲಿಸಿದ ಮೇಲೂ, ಸಕಾಲದಲ್ಲಿ ಹಾಕಿದ ಲಸಿಕೆ ಮತ್ತು ಬೇಗನೆ ಆರಂಭಿಸಿದ ಚಿಕಿತ್ಸೆಗಳೇ ಈ ಜೀವಕೋಶಗಳಿಗೆ ನಾವು ಒದಗಿಸಬಹುದಾದ ಉತ್ತಮ ಸಹಾಯ.